ಕೃಷಿ ಎಂಜಿನಿಯರಿಂಗ್ ಓದಿದ ಹುಡುಗ ಪಂಚಾಯ್ತಿಗೆ ನಿಲ್ತೀನಿ ಅಂತಾನೆ, ಮನೆಯಲ್ಲಿ ಜಗಳ

ಸೇಡಂ ಕಾಕಾ:

ಎಲ್ಲರಿಗೂ ಶರಣು. ಮನೆ ವಿಷಯ, ಆದರೂ ಇಲ್ಲಿ ತಿಳಿದವರು ಇದ್ದೀರಿ ಅಂತ ಬರೆಯುತ್ತಿದ್ದೇನೆ.

ನಮ್ಮ ಅಣ್ಣನ ಮಗ ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಬಿ.ಟೆಕ್ ಮಾಡಿದ. ನಾಲ್ಕು ವರ್ಷ ಹನಿ ನೀರಾವರಿ ಕಂಪನಿಯಲ್ಲಿ ದುಡಿದ. ಹೋದ ದೀಪಾವಳಿಗೆ ಊರಿಗೆ ಬಂದವನು ವಾಪಸ್ ಹೋಗಲೇ ಇಲ್ಲ. ಹೊಲ ನೋಡಿಕೊಳ್ಳುತ್ತಾನೆ. ಊರವರ ಮೋಟರು, ಪೈಪು, ರಾಶಿ ಮಷಿನ್ ಕೆಟ್ಟರೆ ಓಡುತ್ತಾನೆ. ಈಗ ಹೊಸ ರಾಗ ತೆಗೆದಿದ್ದಾನೆ. ಗ್ರಾಮ ಪಂಚಾಯ್ತಿಗೆ ನಿಲ್ಲುತ್ತಾನಂತೆ. ಆಮೇಲೆ ಜಿಲ್ಲಾ ಪಂಚಾಯ್ತಿ. ದೇವರು ಕೊಟ್ಟರೆ ಒಂದಿನ ದೆಹಲಿಯಂತೆ.

ಅಣ್ಣ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. "ತೊಗರಿ ಮಾರಿ ಫೀಸು ಕಟ್ಟಿದ್ದು ಇವನು ಚರಂಡಿ ಬಿಲ್ಲಿಗೆ ಸಹಿ ಹಾಕಲಿ ಅಂತಾನಾ?" ಅಂತ ಒಂದೇ ಮಾತು. ವೈನಿ ಇಬ್ಬರ ನಡುವೆ ಸಿಕ್ಕಿ ಅಳುತ್ತಾರೆ. ನನಗೆ ಇಬ್ಬರದೂ ಸರಿ ಅನ್ನಿಸುತ್ತದೆ, ಅದೇ ತಾಪತ್ರಯ. ಈ ಓದು ಆ ಕೆಲಸಕ್ಕೆ ನಿಜವಾಗಿ ಉಪಯೋಗಕ್ಕೆ ಬರುತ್ತದಾ? ಇಲ್ಲಾ ಸುಮ್ನೆ ಹುಡುಗನ ವಯಸ್ಸು ಹಾಳಾ? ಗೊತ್ತಿದ್ದವರು ಹೇಳಿ.

ತೊಗರಿ ಕಟ್ಟಿಗೆ, ಆಳಂದ:

ಕಾಕಾರೇ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ವೋಟು ಡಿಗ್ರಿ ನೋಡಿ ಬೀಳುವುದಿಲ್ಲ. ಯಾರ ಮನೆ ಮದುವೆಗೆ ಬಂದಿದ್ದ, ಯಾರ ಮಣ್ಣಿಗೆ ಬಂದಿದ್ದ, ಆಸ್ಪತ್ರೆಗೆ ಹೋದಾಗ ಫೋನ್ ಎತ್ತಿದನಾ, ಇಷ್ಟೇ ಲೆಕ್ಕ. ಹುಡುಗ ಮೋಟರ್ ರಿಪೇರಿಗೆ ಓಡುತ್ತಾನೆ ಅಂದಿರಲ್ಲ, ಅದೇ ಅವನ ನಿಜವಾದ ಡಿಗ್ರಿ. ಬಿ.ಟೆಕ್ ಅಂತ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದರೆ ಎರಡು ವೋಟು ಕಮ್ಮಿ ಆದಾವು.

ಲೆವೆಲ್ ಸಾಹೇಬ್, ಕಲಬುರಗಿ:

ನಾನು ಜಲಾನಯನ ಕೆಲಸದಲ್ಲಿ ಬದುಕು ಸವೆಸಿದವನು. ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಓದು ಉಪಯೋಗಕ್ಕೆ ಬರುತ್ತದಾ ಅಂತ ಕೇಳಿದ್ದೀರಿ. 1993ರ ಹೊತ್ತಿಗೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು. ಅದರ ಜೊತೆ ಹನ್ನೊಂದನೇ ಅನುಸೂಚಿ ಅಂತ ಒಂದು ಪಟ್ಟಿ ಸೇರಿತು. ಪಂಚಾಯ್ತಿಗಳಿಗೆ ಒಪ್ಪಿಸಬಹುದಾದ 29 ವಿಷಯ. ಮೊದಲನೆಯದು ಕೃಷಿ ಮತ್ತು ಕೃಷಿ ವಿಸ್ತರಣೆ. ಎರಡನೆಯದು ಭೂಮಿ ಸುಧಾರಣೆ, ಮಣ್ಣು ಸಂರಕ್ಷಣೆ. ಮೂರನೆಯದು ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಜಲಾನಯನ. ಈ ಮೂರನ್ನು ಬರೆದು ಪಕ್ಕದಲ್ಲಿ ಹುಡುಗನ ಅಂಕಪಟ್ಟಿ ಇಡಿ. ಅವನು ಓದಿದ ವಿಷಯಗಳೇ ಅವು. ಚರಂಡಿ, ಸಿಸಿ ರಸ್ತೆ ಪಟ್ಟಿಯಲ್ಲಿ ಕೆಳಗೆ ಬರುತ್ತವೆ. ಆದರೆ ಊರಲ್ಲಿ ಅವೇ ಮೇಲೆ ಕೂತಿವೆ. ಕಣ್ಣಿಗೆ ಕಾಣುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ, ಗುತ್ತಿಗೆದಾರನಿಗೂ ಸಲೀಸು.

ಒಂದು ಉದಾಹರಣೆ ಕೊಡುತ್ತೇನೆ. ಊರು ಬೇಡ, ಇಲಾಖೆ ಬೇಡ. ಒಂದು ಕಡೆ ಕೃಷಿ ಹೊಂಡದ ಅಳತೆ ಪುಸ್ತಕ ನೋಡಿದೆ. 12 ಮೀಟರ್ ಉದ್ದ, 12 ಅಗಲ, 3 ಆಳ. ಗುಣಿಸಿ 432 ಘನ ಮೀಟರ್ ಅಂತ ಬರೆದಿದ್ದರು. ಬಾವಿ ತೋಡಿದ ಹಾಗೆ ಹೊಂಡದ ಗೋಡೆ ನೆಟ್ಟಗೆ ನಿಲ್ಲುತ್ತದಾ? ಇಳಿಜಾರು ಕೊಡಲೇಬೇಕು. ಒಂದಕ್ಕೊಂದು ಇಳಿಜಾರು, ಅಂದರೆ ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ, ಕೊಟ್ಟರೆ ತಳ 6×6 ಆಗುತ್ತದೆ. ಆಗ ತೆಗೆದ ಮಣ್ಣು 252 ಘನ ಮೀಟರ್. ಉಳಿದ 180 ಘನ ಮೀಟರ್ ಮಣ್ಣನ್ನು ಯಾರೂ ಅಗೆದಿಲ್ಲ, ಆದರೆ ಬಿಲ್ಲಾಗಿದೆ. ಸಭೆಯಲ್ಲಿ ಕೂತ ಯಾರಿಗೂ ಇದು ಹೊಳೆಯಲಿಲ್ಲ. ಕಳ್ಳತನ ಮಾಡಬೇಕು ಅಂತ ಎಲ್ಲರೂ ಕೂತಿರಲಿಲ್ಲ. ಲೆಕ್ಕ ಬರುತ್ತಿರಲಿಲ್ಲ, ಅಷ್ಟೇ. ಲೆಕ್ಕ ಬರುವ ಒಬ್ಬ ಆ ಮೇಜಿನ ಮುಂದೆ ಇದ್ದಿದ್ದರೆ ಒಂದೇ ಪ್ರಶ್ನೆ ಸಾಕಿತ್ತು: "ತಳದ ಅಳತೆ ಎಷ್ಟು ಸ್ವಾಮಿ?"

ಇನ್ನೊಂದು. ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಎರಡು ಲಕ್ಷ ಲೀಟರ್ ನೀರು. ಅದರಲ್ಲಿ ಕಾಲು ಭಾಗ ಹರಿದು ಬಂತು ಅನ್ನಿ, 50 ಸಾವಿರ. ಎರಡೂವರೆ ಲಕ್ಷ ಲೀಟರಿನ ಹೊಂಡ ತುಂಬಬೇಕಾದರೆ ಮೇಲೆ ಐದು ಎಕರೆಯ ನೀರು ಅದರ ಬಾಯಿಗೆ ಬರಬೇಕು. ದಿಬ್ಬದ ನೆತ್ತಿ ಮೇಲೆ ಹೊಂಡ ತೋಡಿದರೆ ಏನು ಬರುತ್ತದೆ? 2014-15ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಂಡಗಳು ಜಾಸ್ತಿ ಆದವು, ಒಳ್ಳೆಯದೇ. ಎಲ್ಲಿ ತೋಡಬೇಕು ಅನ್ನುವ ಮಾತು ಮಾತ್ರ ಕಮ್ಮಿ ಆಯಿತು. ನಕ್ಷೆ ಇಲ್ಲ ಅಂತಲ್ಲ. ಸುಜಲಾ ಯೋಜನೆಯ ಮೂರನೇ ಹಂತದಲ್ಲಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಇದ್ದವು. ಆರಿಸಿದ ಜಲಾನಯನಗಳಲ್ಲಿ 1:7920 ಅಳತೆಯಲ್ಲಿ, ಸರ್ವೆ ನಂಬರ್ ಸಮೇತ, ಮಣ್ಣಿನ ಆಳ, ಇಳಿಜಾರು ಎಲ್ಲ ಗುರುತಿಸಿದ್ದಾರೆ. ಕ್ರಿಯಾ ಯೋಜನೆ ಮಾಡುವ ದಿನ ಅದನ್ನು ಬಿಚ್ಚಿ ನೋಡುವ ಸದಸ್ಯ ಯಾರು?

ಭೀಮರಾಯನಗುಡಿ ಬಾಯ್:

ಸರ್, ಕ್ಷಮಿಸಿ, ಒಂದು ತಿದ್ದುಪಡಿ. ನಾನು ಬಿಎಸ್ಸಿ ಕೃಷಿ ಓದಿದವನು, ಎಂಜಿನಿಯರ್ ಅಲ್ಲ, ಆದರೆ ನಮ್ಮದು ಎರೆ ಹೊಲ, ಕಪ್ಪು ಮಣ್ಣು. ಎರೆ ಮಣ್ಣಿನಲ್ಲಿ ಒಂದಕ್ಕೊಂದು ಇಳಿಜಾರೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಜಾರುತ್ತದೆ. ಒಂದೂವರೆ ಬೇಕು. ಆಗ ತಳ 3×3, ಮಣ್ಣು 189 ಘನ ಮೀಟರ್ ಮಾತ್ರ.

ಲೆವೆಲ್ ಸಾಹೇಬ್, ಕಲಬುರಗಿ:

ಸರಿ ಹೇಳಿದೆ ತಮ್ಮಾ. ನಾನು ಲೆಕ್ಕ ಸುಲಭ ಆಗಲಿ ಅಂತ ಒಂದಕ್ಕೊಂದು ಹಿಡಿದೆ. ಎರೆಗೆ 189 ಸರಿ. ಹಾಗಾದರೆ ಆ ಪುಸ್ತಕದಲ್ಲಿ ಅಗೆಯದ ಮಣ್ಣು 243! ನನ್ನ ಸಿಟ್ಟು ಇನ್ನೂ ಹೆಚ್ಚಿತು.

ತೊಗರಿ ಕಟ್ಟಿಗೆ, ಆಳಂದ:

ಇದೇ ನೋಡಿ ನಾನು ಹೇಳಿದ್ದು. ಇಲ್ಲಿ ಇಬ್ಬರು ಘನ ಮೀಟರ್ ಲೆಕ್ಕ ಹಾಕುತ್ತಾ ಕೂತಿದ್ದೀರಿ. ಅಲ್ಲಿ ಎದುರಾಳಿ ಊರಲ್ಲಿ ಮೂರು ಓಣಿ ಮುಗಿಸಿದ.

ಕಾಗಿಣಾ ದಂಡೆ, ಚಿತ್ತಾಪುರ ತಾಲ್ಲೂಕು:

ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ನಾನೂ ಅದೇ ಬಿ.ಟೆಕ್. 2020ರ ಡಿಸೆಂಬರ್ ಚುನಾವಣೆಯಲ್ಲಿ ಗ್ರಾಮ ಪಂಚಾಯ್ತಿಗೆ ಗೆದ್ದೆ. ಹೇಗೆ ಗೆದ್ದೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಅವ್ವ ಇಪ್ಪತ್ತು ವರ್ಷದಿಂದ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಹಬ್ಬ, ಜಾತ್ರೆ, ಲಗ್ನ, ಎಲ್ಲರ ಮನೆಗೂ ನಮ್ಮ ರೊಟ್ಟಿ ಹೋಗಿದೆ. "ರೊಟ್ಟಿ ಅಕ್ಕನ ಮಗಳು" ಅಂತ ವೋಟು ಬಿತ್ತು. ಎಂಜಿನಿಯರ್ ಅಂತ ಬಿದ್ದದ್ದು ನನ್ನ ಇಬ್ಬರು ಗೆಳತಿಯರದು ಇರಬಹುದು. ಆಳಂದದ ಅಣ್ಣ ಹೇಳಿದ್ದು ಅಷ್ಟು ಮಟ್ಟಿಗೆ ನಿಜ.

ಗೆದ್ದ ಮೇಲೆ ಮೊದಲ ಆರು ತಿಂಗಳು ನನ್ನ ಓದಿನ ಒಂದು ಅಕ್ಷರವೂ ಬೇಕಾಗಲಿಲ್ಲ. ಜನ ಬರುವುದು ಯಾಕೆ? ವೃದ್ಧಾಪ್ಯ ವೇತನ ನಿಂತಿದೆ, ಮನೆ ಪಟ್ಟಿಯಲ್ಲಿ ಹೆಸರಿಲ್ಲ, ನಳದಲ್ಲಿ ನೀರಿಲ್ಲ. ಯಾರೂ ಬಂದು "ಅಕ್ಕೋರೇ, ನಮ್ಮ ನಾಲಾದ ಇಳಿಜಾರು ಎಷ್ಟು?" ಅಂತ ಕೇಳಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಆಮೇಲೆ ಅರ್ಥವಾಯಿತು, ವೇತನದ ಅರ್ಜಿ ತುಂಬಿಕೊಡದವಳ ಮಾತನ್ನು ನಾಲಾ ವಿಷಯದಲ್ಲಿ ಯಾಕೆ ಕೇಳುತ್ತಾರೆ?

ಎರಡನೇ ವರ್ಷ ಚೆಕ್ ಡ್ಯಾಂ ಬಂತು. ರಸ್ತೆ ಪಕ್ಕದ ಜಾಗ ಗುರುತಿಸಿದ್ದರು. ಅಲ್ಲಿ ಜಲ್ಲಿ ಇಳಿಸುವುದು ಸುಲಭ, ಉದ್ಘಾಟನೆಗೆ ಕಾರೂ ಬರುತ್ತದೆ. ಆದರೆ ಆ ಜಾಗದಲ್ಲಿ ನಾಲಾ ಅಗಲ, ಎರಡೂ ದಂಡೆ ಬರೀ ಎರೆ. ಕಟ್ಟೆ ಗಟ್ಟಿ ನಿಲ್ಲುತ್ತದೆ, ನೀರು ಬಗಲಲ್ಲಿ ಕೊರೆದುಕೊಂಡು ಹೋಗುತ್ತದೆ. ಅರ್ಧ ಕಿಲೋಮೀಟರ್ ಮೇಲೆ ನಾಲಾ ಕಿರಿದು, ಕೆಳಗೆ ಹಾಸುಬಂಡೆ ಇದೆ. ನಮ್ಮ ಕಡೆ ಫರಸಿ ಕಲ್ಲಿಗೆ ಏನು ಕೊರತೆ? ಅಲ್ಲಿ ಕಟ್ಟಿ ಅಂದೆ. ಸಭೆಯಲ್ಲಿ ನನ್ನ ಜೊತೆ ಕೈ ಎತ್ತಿದವರು ಇಬ್ಬರು. ಒಬ್ಬರು ಹಿರಿಯ ಸದಸ್ಯರು ನಗುತ್ತಾ, "ಅಕ್ಕಾ, ಪುಸ್ತಕದಾಗಿನ ನೀರು ಬೇರೆ, ನಾಲಾದಾಗಿನ ನೀರು ಬೇರೆ" ಅಂದರು. ರಸ್ತೆ ಪಕ್ಕದಲ್ಲೇ ಕಟ್ಟಿದರು. ಮೊದಲ ದೊಡ್ಡ ಮಳೆಗೆ ಎಡ ದಂಡೆ ಕೊಚ್ಚಿ ಹೋಯಿತು. ಪಕ್ಕದ ಹೊಲದವರ ಅರ್ಧ ಎಕರೆ ಉದ್ದಿನ ಬೆಳೆಯೂ ಹೋಯಿತು. ನಾನು ಹೇಳಿದ್ದೇ ನಿಜ ಆಯಿತು ಅಂತ ಖುಷಿ ಪಡಲು ಆಗಲಿಲ್ಲ. ಆ ಹೊಲದವರು ನಮ್ಮ ವಾರ್ಡಿನವರೇ. ನೀನು ಇದ್ದೂ ಹೀಗಾಯಿತಲ್ಲ ಅಂತ ನನ್ನನ್ನೇ ಬೈದರು.

ಈಗ ಹೊಸ ಕೆಲಸ ಬಂದರೆ ಜಾಗ ನೋಡಲು ಆ ಹಿರಿಯ ಸದಸ್ಯರೇ ಗಾಡಿ ಕಳಿಸುತ್ತಾರೆ. ಗೆದ್ದೆ ಅಂತಲ್ಲ. ಒಂದು ದಂಡೆ ಕೊಚ್ಚಿ ಹೋಗಬೇಕಾಯಿತು.

ಕಾಕಾರೇ, ಹುಡುಗನಿಗೆ ಒಂದು ಮಾತು ಹೇಳಿ. ವಾರ್ಡಿನ ಮೀಸಲಾತಿ ಮುಂದಿನ ಸಲ ಬದಲಾಗಬಹುದು. ಐದು ವರ್ಷ ಓಡಾಡಿ ಹೆಸರು ಮಾಡಿದ ವಾರ್ಡು ಕೈತಪ್ಪಿ ಹೋಗಬಹುದು. ಗೌರವಧನ ಪೆಟ್ರೋಲಿಗೂ ಸಾಲದು. ಬೇರೆ ದುಡಿಮೆ ಇಟ್ಟುಕೊಂಡೇ ಇಳಿಯಬೇಕು.

ಕೊನೆ ಮಡಿ, ಸುರಪುರ:

ಅಕ್ಕೋರ ಅನುಭವಕ್ಕೆ ಕೈ ಮುಗಿದೆ. ನಮ್ಮ ಯಾದಗಿರಿ ಕಡೆಯದೂ ಸ್ವಲ್ಪ ಕೇಳಿ. ಇಲ್ಲಿ ನೀರಿದೆ, ರಾಜಕೀಯ ಇರುವುದೂ ಅದರಲ್ಲೇ.

ನಾರಾಯಣಪುರದ ಬಸವಸಾಗರ 1982ರದು. ಎಡದಂಡೆ ಕಾಲುವೆ ಬಂತು, ನಮ್ಮ ಹಿರಿಯರು ತೆಂಗಿನಕಾಯಿ ಒಡೆದರು. ಆ ಕಾಲುವೆಯನ್ನು ಅರೆ ಒಣ ಬೆಳೆ ಲೆಕ್ಕದಲ್ಲಿ ಮಾಡಿದ್ದು. ಜೋಳ, ಶೇಂಗಾ, ಹತ್ತಿ, ತೊಗರಿ. ಭತ್ತಕ್ಕಲ್ಲ. ಮೇಲಿನವರು ಭತ್ತ ಹಚ್ಚಿದರು. ಅಲ್ಲಿ ಗದ್ದೆ ಜವಳು ಹಿಡಿಯಿತು, ಮಣ್ಣಲ್ಲಿ ಉಪ್ಪು ಮೇಲೆ ಬಂತು. ಕೆಳಗೆ ನಮ್ಮ ಹೊಲಗಾಲುವೆಯಲ್ಲಿ ಹಲ್ಲಿ ಓಡಾಡುತ್ತದೆ. ಒಂದೇ ಕಾಲುವೆ, ಒಬ್ಬನಿಗೆ ನೀರು ಜಾಸ್ತಿ ಆಗಿ ಹಾಳು, ಒಬ್ಬನಿಗೆ ಇಲ್ಲದೆ ಹಾಳು.

ಇದಕ್ಕೆ ಏನು ಮಾಡಬೇಕು ಅಂತ ಯಾವ ಕೃಷಿ ಎಂಜಿನಿಯರನ್ನು ಕೇಳಿದರೂ ಐದು ನಿಮಿಷದಲ್ಲಿ ಹೇಳುತ್ತಾನೆ. ವಾರಾಬಂದಿ ಮಾಡಿ, ಅಂದರೆ ಸರದಿ ಪ್ರಕಾರ ನೀರು ಬಿಡಿ, ಬಸಿಗಾಲುವೆ ತೆಗೆಯಿರಿ, ಮೇಲೆ ಭತ್ತ ಕಮ್ಮಿ ಮಾಡಿ. ಈಗ ಅದೇ ಎಂಜಿನಿಯರ್ ಎಂಎಲ್ಎ ಟಿಕೆಟ್ ತಗೊಂಡು ಮೇಲಿನ ಊರಿಗೆ ಹೋಗಿ "ಭತ್ತ ಬಿಡಿ" ಅನ್ನಲಿ ನೋಡೋಣ. ಆ ಊರಿನಿಂದ ಚಪ್ಪಲಿ ಸಮೇತ ಹೊರಗೆ ಬಂದರೆ ಪುಣ್ಯ. ಕ್ಷೇತ್ರ ಒಂದೇ, ಮೇಲಿನವರ ವೋಟೂ ಬೇಕು, ಕೊನೆ ಮಡಿಯವರ ವೋಟೂ ಬೇಕು. ಓದಿದವನಿಗೆ ಸತ್ಯ ಗೊತ್ತಿರುತ್ತದೆ, ಅದೇ ಅವನಿಗೆ ಭಾರ. ಓದದವನು ನಿದ್ದೆಯಾದರೂ ಮಾಡುತ್ತಾನೆ.

ಲೆವೆಲ್ ಸಾಹೇಬ್, ಕಲಬುರಗಿ:

ಕೊನೆ ಮಡಿ ಅವರೇ, ನೀವು ಹೇಳಿದ್ದು ನನ್ನ ಎದೆಗೆ ನಾಟಿತು. ಒಂದೇ ಸೇರಿಸುತ್ತೇನೆ. ಬಿಡಿ ಅನ್ನುವವನು ಸೋಲುತ್ತಾನೆ. ಬಸಿಗಾಲುವೆ ತೆಗೆಸಿ, ಜವಳು ಬಿದ್ದ ಹೊಲ ಮತ್ತೆ ಬೆಳೆಗೆ ಬಂದದ್ದನ್ನು ತೋರಿಸಿ, ಆಮೇಲೆ ಮಾತಾಡುವವನಿಗೆ ಒಂದು ದಾರಿ ಇದೆ. ನಿಧಾನದ ದಾರಿ.

ಚೌಬಾರಾ ಗಡಿಯಾರ, ಬೀದರ್:

ಎಲ್ಲರೂ ಊರ ಮಟ್ಟದಲ್ಲೇ ನಿಂತಿರಿ. ಹುಡುಗ ದೆಹಲಿ ಅಂದಿದ್ದಾನೆ, ಅದಕ್ಕೆ ಉತ್ತರ ಕೊಡಬೇಕಲ್ಲ.

ಮೊದಲು ದಾರಿ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುತ್ತದೆ. ಜಿಲ್ಲಾ ಪಂಚಾಯ್ತಿಯಲ್ಲಿ ಕೃಷಿ ಮತ್ತು ಕೈಗಾರಿಕೆ ಸ್ಥಾಯಿ ಸಮಿತಿ ಅಂತಲೇ ಒಂದಿದೆ, ಇಂಥ ಹುಡುಗನಿಗೆ ಹೇಳಿ ಮಾಡಿಸಿದ ಕುರ್ಚಿ. ಆದರೆ ಜಿಲ್ಲಾ ಪಂಚಾಯ್ತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದೇ ಕಾರಬಾರು. ಏಣಿಯ ನಡುವಿನ ಮೆಟ್ಟಿಲೇ ಮುರಿದಿದೆ ಕಾಕಾರೇ. 1987ರಲ್ಲಿ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರು ಜಿಲ್ಲಾ ಪರಿಷತ್ತು ತಂದಾಗ ಈ ದೇಶವೇ ಕರ್ನಾಟಕದ ಕಡೆ ನೋಡಿತ್ತು. ಈಗ ನೋಡಿ.

ಎರಡನೆಯದು ಕ್ಷೇತ್ರ. ಸೇಡಂ ಬರುವುದು ಕಲಬುರಗಿ ಲೋಕಸಭೆಗೆ. ಅದು 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಯಾದಗಿರಿ, ಶಹಾಪುರ, ಸುರಪುರ ಸೇರುವುದು ರಾಯಚೂರಿಗೆ, ಅದು ಪರಿಶಿಷ್ಟ ಪಂಗಡಕ್ಕೆ. ನಮ್ಮ ಬೀದರ್ ಸಾಮಾನ್ಯ ಕ್ಷೇತ್ರ, ನಿಮ್ಮ ಜಿಲ್ಲೆಯ ಆಳಂದ, ಚಿಂಚೋಳಿ ಇದರಲ್ಲೇ ಬರುತ್ತವೆ. ನಿಮ್ಮ ಹುಡುಗ ಯಾವ ವರ್ಗ ಅಂತ ನಾನು ಕೇಳುವುದಿಲ್ಲ, ಲೆಕ್ಕ ನೀವೇ ಹಾಕಿ. ಠೇವಣಿ 25 ಸಾವಿರ, ಪರಿಶಿಷ್ಟರಿಗೆ ಅರ್ಧ. ಸಿಂಧುವಾದ ವೋಟಿನಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಅದೂ ಹೋಯಿತು. ಖರ್ಚಿನ ಮಿತಿ ಕಾಗದದ ಮೇಲೆ 95 ಲಕ್ಷ. ಕಾಗದದ ಮೇಲೆ ಅಂದೆ, ಗಮನಿಸಿ.

ಮೂರನೆಯದು, ನಮ್ಮ ಭಾಗದಿಂದ ದೆಹಲಿಗೆ ಹೋದವರು ಯಾರು? ಖರ್ಗೆಯವರು ಕಾನೂನು ಓದಿದವರು. 1969ರಲ್ಲಿ ಎಂ.ಎಸ್.ಕೆ. ಮಿಲ್ ನೌಕರರ ಸಂಘದ ಕಾನೂನು ಸಲಹೆಗಾರರಾಗಿದ್ದರು. 1972ರಲ್ಲಿ ಗುರುಮಠಕಲ್‌ನಿಂದ ಗೆದ್ದವರು ಸತತ ಒಂಬತ್ತು ಸಲ ವಿಧಾನಸಭೆಗೆ ಹೋದರು. ಲೋಕಸಭೆ ಕಂಡದ್ದು 2009ರಲ್ಲಿ, ಅಂದರೆ 37 ವರ್ಷದ ನಂತರ. 2019ರಲ್ಲಿ ಅವರನ್ನು ಸೋಲಿಸಿದ ಉಮೇಶ ಜಾಧವ್ ಡಾಕ್ಟರು. ನಮ್ಮ ಭಗವಂತ ಖೂಬಾ ಎಂಜಿನಿಯರಿಂಗ್ ಓದಿದವರು, 2021ರಿಂದ 2024ರವರೆಗೆ ರಸಗೊಬ್ಬರ ಖಾತೆಯ ರಾಜ್ಯ ಸಚಿವರೂ ಆಗಿದ್ದರು. 2024ರಲ್ಲಿ ಅವರನ್ನು ಸೋಲಿಸಿದ ಸಾಗರ್ ಖಂಡ್ರೆಗೆ ಆಗ 26 ವರ್ಷ. ಆ ವಯಸ್ಸಿಗೆ ದೆಹಲಿ ಸಿಗಬೇಕಾದರೆ ಮನೆತನವೂ ಬೇಕು, ಅದನ್ನೂ ಹೇಳಬೇಕಲ್ಲ.

ತೊಗರಿ ಕಟ್ಟಿಗೆ, ಆಳಂದ:

ಅಷ್ಟೆಲ್ಲ ಸರಿ ಗಡಿಯಾರಣ್ಣ. ದೆಹಲಿಗೆ ಹೋಗಿ ಕೃಷಿ ಎಂಜಿನಿಯರ್ ಏನು ಮಾಡುತ್ತಾನೆ? ಪಾರ್ಲಿಮೆಂಟಿನಲ್ಲಿ ಒಡ್ಡು ಹಾಕುತ್ತಾನಾ?

ಚೌಬಾರಾ ಗಡಿಯಾರ, ಬೀದರ್:

ಒಡ್ಡು ಅಲ್ಲಿಲ್ಲ, ನಿಜ. ಕೃಷಿ ರಾಜ್ಯಪಟ್ಟಿಯ 14ನೇ ವಿಷಯ, ನೀರು 17ನೆಯದು. ಆದರೆ ಎರಡು ರಾಜ್ಯಗಳ ನಡುವಿನ ನದಿ ಕೇಂದ್ರಪಟ್ಟಿಯ 56ನೆಯದು. ಕೃಷ್ಣೆ ನಮ್ಮೊಬ್ಬರ ಹೊಳೆಯಲ್ಲ. ಅದರ ನೀರು ಹಂಚುವ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿ ಅಣೆಕಟ್ಟನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಒಪ್ಪಿತು. ಮುಂದೆ ಅದು ಕೋರ್ಟಿಗೆ ಸಿಕ್ಕಿಕೊಂಡು, ಕೇಂದ್ರದ ರಾಜ್ಯಪತ್ರದಲ್ಲಿ ಬರದೆ ಕೂತಿತು. ನಮ್ಮ ಕೊನೆ ಮಡಿ ಅಣ್ಣನ ಹೊಲಕ್ಕೂ ಅದಕ್ಕೂ ನಂಟಿದೆ. ಇಂಥ ಕಡತ ಓದಿ, ಸರಿಯಾದ ಪ್ರಶ್ನೆ ಬರೆದು ಕೊಡುವವರು ಸಂಸತ್ತಿನಲ್ಲಿ ಬೇಕು.

ಇನ್ನು ನಿಮ್ಮ ತೊಗರಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು, ಹಾರ ಹಾಕಿದೆವು. ಆದರೆ ಬೆಲೆ? 2016ರಲ್ಲಿ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದ ಆಯಿತು. 2021ರ ಮೇ ತಿಂಗಳಲ್ಲಿ ಆಮದನ್ನು ಮುಕ್ತ ಮಾಡಿದರು. ಆಮೇಲೆ ಅವಧಿ ವಿಸ್ತರಿಸುತ್ತಲೇ ಬಂದರು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. ಈ ಯಾವುದನ್ನೂ ಕಲಬುರಗಿ ಎಪಿಎಂಸಿಯಲ್ಲಿ ತೀರ್ಮಾನ ಮಾಡುವುದಿಲ್ಲ. ನೀವು ಗಂಜ್‌ನಲ್ಲಿ ಚೀಲದ ಮೇಲೆ ಕೂತು ಬೈಯುವ ಬೆಲೆ ದೆಹಲಿಯ ಒಂದು ಅಧಿಸೂಚನೆಯಲ್ಲಿ ಇರುತ್ತದೆ.

ತೊಗರಿ ಕಟ್ಟಿಗೆ, ಆಳಂದ:

ಚೀಲದ ಮೇಲೆ ಕೂತು ಬೈದದ್ದು ನಿಮಗೆ ಹೇಗೆ ಗೊತ್ತಾಯಿತು? ಹೋದ ವರ್ಷ ಎರಡು ದಿನ ಕೂತಿದ್ದೆ. ಸರಿ, ಈ ಮಾತು ಒಪ್ಪಿದೆ. ಆದರೆ ಅದಕ್ಕೆ ಎಂಜಿನಿಯರೇ ಯಾಕೆ? ತೊಗರಿ ಬೆಳೆದವನು ಸಾಲದಾ?

ಚೌಬಾರಾ ಗಡಿಯಾರ, ಬೀದರ್:

ಸಾಲುತ್ತಾನೆ. ಎರಡೂ ಆದವನು ಇದ್ದರೆ ಬಿಡಬೇಡಿ ಅಂದೆ ಅಷ್ಟೇ.

ದೂರದ್ದೊಂದು ಹೇಳುತ್ತೇನೆ. ಪಶ್ಚಿಮ ಆಫ್ರಿಕಾದಲ್ಲಿ ಗಿನಿ ಬಿಸ್ಸಾವು ಅಂತ ಪುಟ್ಟ ದೇಶ, ಪೋರ್ಚುಗೀಸರ ಕೈಯಲ್ಲಿತ್ತು. ಅಮಿಲ್ಕರ್ ಕಾಬ್ರಾಲ್ ಲಿಸ್ಬನ್‌ನಲ್ಲಿ ಕೃಷಿ ಓದಿ ಬಂದ. 1953ರಲ್ಲಿ ಅಲ್ಲಿನ ಕೃಷಿ ಗಣತಿ ಮಾಡಿದ. ಯಾವ ಊರಲ್ಲಿ ಯಾರು ಏನು ಬಿತ್ತುತ್ತಾರೆ, ಯಾರ ಹತ್ತಿರ ಭೂಮಿ ಇದೆ ಅಂತ ಊರೂರು ತಿರುಗಿ ತಿಳಿದುಕೊಂಡ. 1956ರಲ್ಲಿ ಪಕ್ಷ ಕಟ್ಟಿದ. ಸರ್ಕಾರಿ ಗಣತಿ ಕೆಲಸದಲ್ಲಿ ಸಿಕ್ಕ ಊರುಗಳ ಪರಿಚಯ ಮುಂದೆ ಸ್ವಾತಂತ್ರ್ಯ ಹೋರಾಟಕ್ಕೆ ಬಂತು. 1973ರ ಜನವರಿಯಲ್ಲಿ ಅವನನ್ನು ಕೊಂದರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೇಶ ಸ್ವತಂತ್ರ ಅಂತ ಘೋಷಿಸಿತು.

ನಮ್ಮಲ್ಲಿ ಎಂ.ಎಸ್. ಸ್ವಾಮಿನಾಥನ್ 2007ರಿಂದ 2013ರವರೆಗೆ ರಾಜ್ಯಸಭೆಯಲ್ಲಿ ನಾಮನಿರ್ದೇಶಿತ ಸದಸ್ಯರು. ಎಂಜಿನಿಯರ್ ಅಲ್ಲ, ಕೃಷಿ ವಿಜ್ಞಾನಿ. ರೈತ ಮಹಿಳೆಯರ ಹಕ್ಕಿಗಾಗಿ ಖಾಸಗಿ ಮಸೂದೆ ತಂದರು. ಅವರ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು. ಅಷ್ಟು ದೊಡ್ಡ ಮನುಷ್ಯರದೇ ಹೀಗೆ. ಜ್ಞಾನ ಇದ್ದರೆ ಸಾಲದು, ಹಿಂದೆ ಕೈ ಎತ್ತುವವರು ಬೇಕು. ಚಿತ್ತಾಪುರದ ಅಕ್ಕೋರ ಸಭೆಯಲ್ಲಿ ಇಬ್ಬರಾದರೂ ಎತ್ತಿದ್ದರು.

ಭೀಮರಾಯನಗುಡಿ ಬಾಯ್:

ವಿಶ್ವೇಶ್ವರಯ್ಯನವರನ್ನು ಬಿಟ್ಟಿರಲ್ಲ ಸರ್.

ಲೆವೆಲ್ ಸಾಹೇಬ್, ಕಲಬುರಗಿ:

ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರು. ವೋಟು ಕೇಳಲು ಯಾರ ಓಣಿಗೂ ಹೋಗಬೇಕಾಗಿರಲಿಲ್ಲ, ಮಹಾರಾಜರು ಒಪ್ಪಿದರೆ ಸಾಕಿತ್ತು. ಆದರೆ ನಮಗೂ ಅವರಿಗೂ ಒಂದು ನಂಟಿದೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ನಿಜಾಮರು ಕರೆಸಿದ್ದು ಇವರನ್ನೇ. ನಾವೂ ಆಗ ಅದೇ ನಿಜಾಮರ ಪ್ರಜೆಗಳು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆ ತಡೆಯಿರಿ ಅಂದರು. ಅಕ್ಕೋರು ಚೆಕ್ ಡ್ಯಾಂ ಮೇಲೆ ಕಟ್ಟಿ ಅಂದಂತೆಯೇ. ಅಲ್ಲಿ ಮಾತು ಕೇಳಿದರು.

ಕಾಗಿಣಾ ದಂಡೆ, ಚಿತ್ತಾಪುರ ತಾಲ್ಲೂಕು:

ಅಯ್ಯೋ ಸಾಹೇಬ್ರೇ, ನನ್ನನ್ನು ಎಲ್ಲಿಗೆ ತಗೊಂಡು ಹೋಗಿ ಕೂರಿಸಿದಿರಿ!

ಒಂದು ಮುಖ್ಯ ವಿಷಯ ಮರೆತಿದ್ದೆ. ಕಾಕಾರೇ, ನಿಮ್ಮ ಮನೆಯಲ್ಲಿ ಯಾರಾದರೂ ಪಂಚಾಯ್ತಿ ಕೆಲಸದ ಗುತ್ತಿಗೆ ಮಾಡುತ್ತಾರಾ? ಟ್ರ್ಯಾಕ್ಟರ್, ಜೆಸಿಬಿ ಬಾಡಿಗೆ? ಪಂಚಾಯ್ತಿ ಕೆಲಸದಲ್ಲಿ ಸದಸ್ಯನಿಗೆ ಪಾಲು ಅಥವಾ ಲಾಭ ಇದ್ದರೆ ಸದಸ್ಯತ್ವವೇ ಹೋಗುತ್ತದೆ. 1993ರ ಪಂಚಾಯ್ತಿ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಒಬ್ಬರು ಇದನ್ನು ಗೆದ್ದ ಮೇಲೆ ಓದಿದರು.

ಸೇಡಂ ಕಾಕಾ:

ಅಕ್ಕೋರೇ, ನಿಮ್ಮ ಪ್ರಶ್ನೆ ಓದಿ ಮೊಬೈಲ್ ಕೆಳಗಿಟ್ಟು ಐದು ನಿಮಿಷ ಸುಮ್ಮನೆ ಕೂತೆ.

ಅಣ್ಣನ ಹತ್ತಿರ ಜೆಸಿಬಿ ಇದೆ. ಎರಡು ವರ್ಷದ ಹಿಂದೆ ಸಾಲ ಮಾಡಿ ತಂದದ್ದು. ಸಾಲವೂ ಗಾಡಿಯೂ ಹುಡುಗನ ಹೆಸರಿನಲ್ಲಿವೆ, ಸಂಬಳ ಬರುತ್ತಿತ್ತಲ್ಲ, ಬ್ಯಾಂಕಿನವರು ಬೇಗ ಕೊಟ್ಟರು. ಅದು ಓಡುವುದು ಜಾಸ್ತಿ ಎಲ್ಲಿ ಗೊತ್ತಾ? ಪಂಚಾಯ್ತಿ ಕೆಲಸಕ್ಕೆ.

ಓದು ಹಾಳಾಯಿತು ಅಂತ ಅಣ್ಣ ಕೂಗಾಡುತ್ತಿದ್ದದ್ದು ಈಗ ಬೇರೆ ಥರ ಕೇಳಿಸುತ್ತಿದೆ.

ತೊಗರಿ ಕಟ್ಟಿಗೆ, ಆಳಂದ:

ಹಹ್ಹಾ. ಕಾಕಾರೇ, ನಗಬಾರದು, ಆದರೂ ನಗು ಬಂತು. ಇಷ್ಟು ಹೊತ್ತು ನಾವು ಆಲಮಟ್ಟಿ, ಆಫ್ರಿಕಾ ಎಲ್ಲ ಸುತ್ತಿ ಬಂದೆವು. ಗಂಟು ಅಂಗಳದಲ್ಲೇ ನಿಂತಿತ್ತು.

ಅಣ್ಣನ ಮಗ:

ನಮಸ್ಕಾರ. ನಾನೇ ಆ ಹುಡುಗ. ಕಾಕಾ ಇಲ್ಲಿ ಬರೆದದ್ದು ನಿನ್ನೆ ಗೊತ್ತಾಯಿತು. ಮೊದಲು ಸಿಟ್ಟು ಬಂತು, ಆಮೇಲೆ ಎಲ್ಲ ಓದಿದೆ.

ದೆಹಲಿ ಅಂದದ್ದು ಅಪ್ಪಾಜಿ ಜೊತೆ ಜಗಳದಲ್ಲಿ ಬಾಯಿಗೆ ಬಂದ ಮಾತು. ಅದನ್ನು ಹಿಡಿದು ಲೋಕಸಭೆ ಕ್ಷೇತ್ರದ ತನಕ ಲೆಕ್ಕ ಹಾಕಿದ ಗಡಿಯಾರಣ್ಣನಿಗೆ ಥ್ಯಾಂಕ್ಸ್. ನಾನು ನಿಲ್ಲಬೇಕು ಅಂದದ್ದು ಸಣ್ಣ ಕಾರಣಕ್ಕೆ. ನಮ್ಮ ಊರಿನ ಮೇಲಿನ ನಾಲಾ ಪ್ರತಿ ಮಳೆಗಾಲ ನಲವತ್ತು ಮನೆಯವರ ಹೊಲಕ್ಕೆ ನುಗ್ಗುತ್ತದೆ. ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ ಊರೊಳಗಿನ ಸಿಸಿ ರಸ್ತೆ ಮುಂದೆ ಬಂತು. ಒಳಗೆ ಕೂತರೆ ಕನಿಷ್ಠ ಯಾಕೆ ಅಂತ ಕೇಳಬಹುದು ಅನ್ನಿಸಿತು.

ಜೆಸಿಬಿ ವಿಷಯ ನನಗೆ ಗೊತ್ತಿತ್ತು. ಅದಕ್ಕೇ ಗಾಡಿಯನ್ನು ಪಂಚಾಯ್ತಿ ಕೆಲಸದಿಂದ ಬಿಡಿಸಿ, ರೈತರ ಹೊಲಕ್ಕೆ, ಕಲ್ಲಿನ ಕ್ವಾರಿಗೆ ಓಡಿಸೋಣ ಅಂದೆ. ಕಂತು ಯಾರು ಕಟ್ಟುತ್ತಾರೆ ಅಂದರು. ಜಗಳ ಶುರುವಾದದ್ದು ಅಲ್ಲಿಂದ. ಅಪ್ಪಾಜಿ ತಪ್ಪು ಅನ್ನಲಾರೆ. ತಿಂಗಳ ಕಂತು ದೊಡ್ಡದು.

ಚಿತ್ತಾಪುರದ ಅಕ್ಕೋರೇ, ಒಂದು ಪ್ರಶ್ನೆ. ಸಭೆಯಲ್ಲಿ ಕೈ ಎತ್ತಿದ ಇಬ್ಬರು ಯಾರು, ಅವರು ಯಾಕೆ ಎತ್ತಿದರು?

ಕಾಗಿಣಾ ದಂಡೆ, ಚಿತ್ತಾಪುರ ತಾಲ್ಲೂಕು:

ಒಳ್ಳೆ ಪ್ರಶ್ನೆ ತಮ್ಮಾ, ಇಲ್ಲಿ ಯಾರೂ ಕೇಳಿರಲಿಲ್ಲ. ಒಬ್ಬರು ಆ ನಾಲಾ ಪಕ್ಕ ಕುರಿ ಮೇಯಿಸುವ ಮನೆಯವರು. ನೀರು ಎಲ್ಲಿ ತಿರುಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ಇನ್ನೊಬ್ಬರು ನನ್ನ ವಿರುದ್ಧದ ಗುಂಪಿನವರು. ಸಭೆಗೆ ಹಿಂದಿನ ದಿನ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಎರಡೂ ಜಾಗ ತೋರಿಸಿದ್ದೆ. ಉಳಿದವರನ್ನು ಕರೆದುಕೊಂಡು ಹೋಗಲು ಹೊತ್ತಾಗಲಿಲ್ಲ. ಎಲ್ಲರನ್ನೂ ಕರೆದುಕೊಂಡು ಹೋಗಬೇಕಿತ್ತು.

ಲೆವೆಲ್ ಸಾಹೇಬ್, ಕಲಬುರಗಿ:

ಹುಡುಗಾ, ಚುನಾವಣೆ ಬರಲಿ ಬಿಡಲಿ, ಮೊದಲು ಆ ನಾಲಾದ ಲೆವೆಲ್ ತೆಗೆದು ಇಡು. ಮೇಲಿನಿಂದ ಕೆಳಗೆ, ಮೂವತ್ತು ಮೀಟರಿಗೊಂದು ಗುರುತು. ಎಷ್ಟು ಎಕರೆ ನೀರು ಅದಕ್ಕೆ ಬರುತ್ತದೆ ಅಂತ ನಕ್ಷೆಯಲ್ಲಿ ಗುರುತು ಹಾಕು. ನೀರು ನುಗ್ಗುವ ಆ ಹೊಲದವರನ್ನೇ ಅಳತೆ ಕೋಲು ಹಿಡಿಯಲು ಕರಿ. ಒಬ್ಬೊಬ್ಬರು ಒಂದೊಂದು ದಿನ. ಆಮೇಲೆ ವಾರ್ಡ್ ಸಭೆಗೆ ಕಾಗದ ತಗೊಂಡು ಹೋಗು. ನನ್ನ ಹತ್ತಿರ ನೆಲದ ಏರಿಳಿತ ಅಳೆಯುವ ಹಳೆಯ ಡಂಪಿ ಲೆವೆಲ್ ಇದೆ, ಸ್ಟ್ಯಾಂಡಿನ ಒಂದು ಕಾಲು ಸ್ವಲ್ಪ ಸಡಿಲ. ಬೇಕಾದರೆ ತರುತ್ತೇನೆ.

ಕೊನೆ ಮಡಿ, ಸುರಪುರ:

ಕೋಲು ಹಿಡಿದವನು ಆ ಲೆಕ್ಕವನ್ನು ತನ್ನದು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇದು ಪ್ರಚಾರವೋ ಎಂಜಿನಿಯರಿಂಗೋ ಸಾಹೇಬ್ರೇ?

ಲೆವೆಲ್ ಸಾಹೇಬ್, ಕಲಬುರಗಿ:

ಮೂವತ್ತು ವರ್ಷ ಇದನ್ನು ಎಂಜಿನಿಯರಿಂಗ್ ಅಂದುಕೊಂಡೇ ಮಾಡಿದೆ.

ಸೇಡಂ ಕಾಕಾ:

ಇವತ್ತಿನ ಸುದ್ದಿ. ಅಣ್ಣ ಊಟ ಮಾಡಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಮಾತೂ ಇಲ್ಲ. ಜೆಸಿಬಿ ಪಂಚಾಯ್ತಿ ಕೆಲಸದಿಂದ ಬಿಡಿಸುತ್ತೇನೆ ಅಂತ ಇನ್ನೂ ಹೇಳಿಲ್ಲ. ಹುಡುಗನ ಹೆಸರಿನಿಂದ ನನ್ನ ಹೆಸರಿಗೆ ಮಾಡಿದರೆ ಹೇಗೆ ಅಂತ ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದರು. ಅದನ್ನು ಕೇಳಿಸಿಕೊಂಡ ಹುಡುಗ, "ಕಾಕಾ ಬೇಡ, ಅದೂ ನಂದೇ ಆಗುತ್ತೆ" ಅಂದ. ಮತ್ತೆ ಸ್ವಲ್ಪ ಜೋರಾಯಿತು, ಆದರೆ ಈ ಸಲ ಯಾರೂ ಊಟ ಬಿಟ್ಟು ಏಳಲಿಲ್ಲ.

ಸಾಹೇಬ್ರೇ, ಭಾನುವಾರ ಬರುತ್ತೀರಾ? ಬೆಳಿಗ್ಗೆ ಬಸ್ಸಿಗೆ ಬಂದರೆ ಹುಡುಗ ಬೈಕ್ ತಗೊಂಡು ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾನೆ. ಸ್ಟ್ಯಾಂಡಿನ ಕಾಲು ಬಿಗಿ ಮಾಡಲು ಪಾನಾ ನಮ್ಮಲ್ಲೇ ಇದೆ.